ಶ್ರಾವಣದ ಮದುವೆಗೆ ಯಾವ ಜಡೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಛತ್ರ ಹಿಡಿಯುವುದು, ಅಡುಗೆಯವರಿಗೆ ಮುಂಗಡ ಕೊಡುವುದು, ಲಗ್ನಪತ್ರಿಕೆಯಲ್ಲಿ ಯಾವ ಚಿಕ್ಕಪ್ಪನ ಹೆಸರೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು, ಇವೆಲ್ಲ ಮುಗಿದ ಮೇಲೆ ಒಂದು ಸಣ್ಣ ಪ್ರಶ್ನೆ ಉಳಿಯುತ್ತದೆ. ಹುಡುಗಿಗೆ ಯಾವ ಜಡೆ? ಸಣ್ಣದೆಂದುಕೊಂಡ ಈ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಅಡುಗೆಯವರ ಲೆಕ್ಕಕ್ಕಿಂತ ಹೆಚ್ಚು ದಿನ ತಿನ್ನುತ್ತದೆ. ಎರಡು ಜುಟ್ಟು ಸೇರಿದರೂ ಎರಡು ಜಡೆ ಸೇರುವುದಿಲ್ಲ ಎಂಬ ಗಾದೆಯನ್ನು ಅತ್ತೆ ಸೊಸೆಯರ ಮೇಲೆ ಹೊರಿಸುವುದು ವಾಡಿಕೆ. ಮದುವೆಯ ತಿಂಗಳಲ್ಲಿ ಅದು ತಾಯಿ ಮಗಳಿಗೂ ಒಪ್ಪುತ್ತದೆ.

ಗುಬ್ಬಿಯ ಒಂದು ಮನೆಯಲ್ಲಿ ಹೀಗೇ ಆಯಿತು. ಮಗಳು ತುಮಕೂರಿನ ಹಾಸ್ಟೆಲಿನಲ್ಲಿದ್ದುಕೊಂಡು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು. ಗಂಡು ಕುಣಿಗಲ್ ಕಡೆಯವನು. ಮಾಘದಲ್ಲಿ ನಿಶ್ಚಿತಾರ್ಥವಾಗಿತ್ತು. ಪರೀಕ್ಷೆ ಮುಗಿಯಲಿ, ಆಷಾಢ ಕಳೆಯಲಿ ಎಂದು ಕಾದು ಶ್ರಾವಣದಲ್ಲಿ ಮುಹೂರ್ತ ಇಟ್ಟರು. ಛತ್ರ ಕುಣಿಗಲ್ಲಿನಲ್ಲಿ, ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ.

ತಾಯಿಗೆ ಮೊಗ್ಗಿನ ಜಡೆಯೇ ಆಗಬೇಕು. ಅವರ ಮದುವೆಯ ಫೋಟೊ ನಡುಮನೆಯ ಗೋಡೆಯ ಮೇಲಿದೆ. ಕನ್ನಡಿಯ ಮುಂದೆ ಕೂರಿಸಿ, ಮುಖವೂ ಬೆನ್ನ ಮೇಲಿನ ಜಡೆಯೂ ಒಟ್ಟಿಗೆ ಬೀಳುವಂತೆ ತೆಗೆದ ಫೋಟೊ ಅದು. ಬಾಳೆಪಟ್ಟೆಯ ಮೇಲೆ ಮಲ್ಲಿಗೆಯ ಮೊಗ್ಗುಗಳನ್ನು ಒತ್ತೊತ್ತಾಗಿ ಹೊಲಿದು, ನಡುನಡುವೆ ಕನಕಾಂಬರದ ಗೆರೆ ಎಳೆದು, ತುದಿಗೆ ಮೂರು ಕುಚ್ಚು ಬಿಟ್ಟ ಆ ಜಡೆ ಸೊಂಟದಿಂದ ಕೆಳಕ್ಕೂ ಇಳಿದಿದೆ. ಅದೇ ಕೋನದಲ್ಲಿ ಮಗಳ ಫೋಟೊ ಪಕ್ಕದಲ್ಲಿ ತೂಗಬೇಕೆಂಬುದು ತಾಯಿಯ ಎಷ್ಟೋ ವರ್ಷದ ಆಸೆ. ಮಗಳು ಮೊಬೈಲಿನಲ್ಲಿ ತೋರಿಸಿದ್ದು ಬೇರೆಯೇ ಚಿತ್ರ. ಅದರಲ್ಲಿ ಕೂದಲು ಬೆನ್ನ ಮೇಲೆ ಬಿಟ್ಟಿತ್ತು, ತುದಿಯಲ್ಲಿ ದೊಡ್ಡ ದೊಡ್ಡ ಸುರುಳಿ.

"ಮೊಗ್ಗಿನ ಜಡೆ ಬೇಡಮ್ಮ, ತಲೆ ಭಾರ ಆಗುತ್ತೆ."

"ಒಂದು ಹೊತ್ತಿನ ಭಾರ ತಡೆಯೋಕಾಗಲ್ವೇನೆ? ನಾವೆಲ್ಲ ತಡ್ಕೊಳ್ಳಲಿಲ್ವಾ? ಧಾರೆಗೆ ಕೂದಲು ಬಿಟ್ಕೊಂಡು ಕೂತ್ರೆ ನೋಡಿದೋರು ಏನಂತಾರೆ?"

ತಂದೆ ಇದು ಹೆಂಗಸರ ವಿಷಯವೆಂದು ಚಪ್ಪಲಿ ಮೆಟ್ಟಿ ತೋಟದ ಕಡೆ ನಡೆದರು. ಕಲ್ಪತರು ನಾಡಿನ ಗಂಡಸರಿಗೆ ಇಂಥ ಹೊತ್ತಿಗೆ ತೆಂಗಿನ ತೋಟದಲ್ಲಿ ಏನಾದರೊಂದು ಕೆಲಸ ಇದ್ದೇ ಇರುತ್ತದೆ.

ಮೊದಲ ತೀರ್ಪು ಕೊಟ್ಟದ್ದು ಮಳೆ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಊರು. ಮಂಗಳೂರಿನ ಹಾಗೆ ನಿಂತಲ್ಲೇ ಬೆವರು ಸುರಿಯುವುದಿಲ್ಲ. ಆದರೆ ಶ್ರಾವಣದ ಜಿಟಿಜಿಟಿ ಮಳೆ ಹಿಡಿದರೆ ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಆ ದಿನಗಳಲ್ಲಿ ಹುಡುಗಿ ತುಮಕೂರಿನ ಪಾರ್ಲರಿಗೆ ಹೋಗಿ ಸುರುಳಿಯ ಟ್ರಯಲ್ ಮಾಡಿಸಿಕೊಂಡಳು. ಕನ್ನಡಿಯಲ್ಲಿ ಎಲ್ಲ ಸೊಗಸಾಗಿತ್ತು. ಹೊರಗೆ ತುಂತುರು. ಬಸ್‌ಸ್ಟ್ಯಾಂಡಿಗೆ ನಡೆದು, ಕಿಟಕಿ ಮುಚ್ಚಿದ ಬಸ್ಸಿನಲ್ಲಿ ನಿಂತು ಬಂದು ಗುಬ್ಬಿಯಲ್ಲಿ ಇಳಿಯುವಷ್ಟರಲ್ಲಿ ಸುರುಳಿಯೆಲ್ಲ ಬಿಚ್ಚಿ, ಮೇಲಿನ ಕೂದಲು ಕೆದರಿ ನಿಂತಿತ್ತು. ಇಪ್ಪತ್ತು ಕಿಲೋಮೀಟರ್ ತಾಳದ ಅಲಂಕಾರ ಛತ್ರದಲ್ಲಿ ಮೂರು ತಾಸು ತಾಳೀತೆ?

ಇದರಲ್ಲಿ ಪಾರ್ಲರಿನವರ ತಪ್ಪೇನೂ ಇಲ್ಲ. ಕೂದಲಿನ ಗುಣವೇ ಅದು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದರೊಳಗಿನ ಹೈಡ್ರೋಜನ್ ಬಂಧಗಳು ಬಿಸಿಗೆ ಬಿಚ್ಚಿ, ತಣಿದಾಗ ಹೊಸ ಆಕಾರದಲ್ಲಿ ಕೂಡಿಕೊಳ್ಳುತ್ತವೆ. ಬಿಸಿ ಕಡ್ಡಿಗೆ ಸುತ್ತಿದರೆ ಸುರುಳಿ ನಿಲ್ಲುವುದು ಹೀಗೆ. ಗಾಳಿಯ ತೇವ ಒಳಹೊಕ್ಕರೆ ಅದೇ ಬಂಧಗಳು ಮತ್ತೆ ಸಡಿಲಗೊಂಡು ಕೂದಲು ತನ್ನ ಹುಟ್ಟುಗುಣಕ್ಕೆ ಮರಳುತ್ತದೆ. ಜಿನೀವಾದ ವಿಜ್ಞಾನಿ ಹೊರೇಸ್ ಬೆನೆಡಿಕ್ಟ್ ಡಿ ಸೊಸ್ಯೂರ್ 1783ರಲ್ಲಿ ವಿವರಿಸಿದ ತೇವಮಾಪಕ ಕೆಲಸ ಮಾಡುತ್ತಿದ್ದುದು ಮನುಷ್ಯರ ಕೂದಲಿನಿಂದಲೇ. ತೀರಾ ಒಣ ಗಾಳಿಯಿಂದ ತೇವ ತುಂಬಿದ ಗಾಳಿಗೆ ಬಂದರೆ ಕೂದಲು ಶೇಕಡಾ 2ರಿಂದ 2.5ರಷ್ಟು ಉದ್ದವಾಗುತ್ತದೆ, ಆ ಹಿಗ್ಗುವಿಕೆಯೇ ಮುಳ್ಳನ್ನು ತಿರುಗಿಸುತ್ತದೆ. ಅಂದರೆ ಮದುಮಗಳು ತಲೆಯ ಮೇಲೆ ಹೊತ್ತಿರುವುದು ಲಕ್ಷ ತೇವಮಾಪಕಗಳನ್ನು. ಛತ್ರದೊಳಗೆ ಐನೂರು ಜನರ ಉಸಿರು, ಅಡುಗೆಮನೆಯ ಹಬೆ, ವೀಡಿಯೊದವರ ದೀಪದ ಕಾವು, ಮೈಮೇಲೆ ಜರಿಸೀರೆ. ಅಲ್ಲಿ ಬಿಟ್ಟ ಕೂದಲು ಕುತ್ತಿಗೆಗೆ ಅಂಟಿಕೊಳ್ಳದೆ ಇನ್ನೇನು ಮಾಡೀತು?

ಶಾಸ್ತ್ರಗಳದ್ದು ಇನ್ನೊಂದು ಲೆಕ್ಕ. ಹಣೆಗೆ ಬಾಸಿಂಗ ಕಟ್ಟಿದರೆ ಅದರ ದಾರ ತಲೆಯ ಹಿಂದೆ ಗಂಟಾಗಬೇಕು. ಅಂತರಪಟ ಸರಿದೊಡನೆ ವರ ಮದುಮಗಳ ನೆತ್ತಿಯ ಮೇಲೆ ಜೀರಿಗೆ ಬೆಲ್ಲ ಒತ್ತುತ್ತಾನೆ. ಆಮೇಲೆ ಊರವರೆಲ್ಲರ ಅಕ್ಷತೆ. ಸ್ಪ್ರೇ ಹೊಡೆದು ಅಂಟಂಟಾದ ಸುರುಳಿಗೆ ಅರಿಶಿನದ ಅಕ್ಕಿಯೂ ಬೆಲ್ಲವೂ ಸೇರಿದರೆ ಅದನ್ನು ಬಿಡಿಸಲು ಮತ್ತೊಂದು ಮುಹೂರ್ತ ಹುಡುಕಬೇಕು. ಹಿಂದಿನವರು ಕೂದಲನ್ನು ಬಿಗಿದು ಹೆಣೆದು ಹೂವಿನಲ್ಲಿ ಮುಚ್ಚಿದ್ದು ಅಂದಕ್ಕಾಗಿ ಮಾತ್ರವಲ್ಲ ಎಂಬುದು ಇಲ್ಲಿ ತಿಳಿಯುತ್ತದೆ.

ಬೇರೆ ಸೆಕೆನಾಡಿನವರು ಏನು ಮಾಡುತ್ತಾರೆಂದು ಹುಡುಗಿ ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಫಿಲಿಪ್ಪೀನ್ಸ್. ಸಮುದ್ರ ಸುತ್ತುವರಿದ, ವರ್ಷವೆಲ್ಲ ಬೆವರುವ ದ್ವೀಪಗಳ ದೇಶ. ಅಲ್ಲಿನ ಚರ್ಚಿನ ಮದುವೆಯಲ್ಲಿ ಮದುಮಗಳ ತಲೆಗೂ ವರನ ಹೆಗಲಿಗೂ ಸೇರಿಸಿ ಒಂದು ತೆಳು ಬಟ್ಟೆಯನ್ನು ಪಿನ್ನಿನಿಂದ ಸಿಕ್ಕಿಸುವ ಪದ್ಧತಿಯುಂಟು. ಆ ಪಿನ್ನು ಕಚ್ಚಿ ನಿಲ್ಲಬೇಕು, ಕುತ್ತಿಗೆಗೆ ಗಾಳಿಯಾಡಬೇಕು. ಅದಕ್ಕೆ ಕೆಳಗೆ ಕಟ್ಟಿದ ತುರುಬೇ ಅನುಕೂಲ. ಆ ದೇಶ 1934ರಲ್ಲಿ ರಾಷ್ಟ್ರಪುಷ್ಪವೆಂದು ಘೋಷಿಸಿದ ಹೂವಿನ ಹೆಸರು ಸಂಪಗೀತ. ಕಿವಿಗೆ ಸಂಪಿಗೆಯಂತೆ ಕೇಳಿಸಿದರೂ ಅದು ಮಲ್ಲಿಗೆ. ಈ ಸೀಮೆಯ ಹೆಂಗಸರು ಮುಡಿಯುವ ದುಂಡುಮಲ್ಲಿಗೆಯ ಜಾತಿಯದೇ. ಸಾವಿರಾರು ಮೈಲಿ ಆಚೆಯ ಮದುಮಗಳಿಗೂ ಗುಬ್ಬಿಯ ಮದುಮಗಳಿಗೂ ಹವೆ ಕಲಿಸಿದ ಪಾಠ ಒಂದೇ: ಕೂದಲನ್ನು ಕಟ್ಟು, ಹೂವನ್ನು ಮುಡಿ.

ಇಷ್ಟೆಲ್ಲ ತಿಳಿದೂ ಹುಡುಗಿ ಮೊಗ್ಗಿನ ಜಡೆಗೆ ಒಪ್ಪಲಿಲ್ಲ. ತಾಯಿ ಅದನ್ನು ಹಟವೆಂದುಕೊಂಡರು. ಓದಿದ ಮಕ್ಕಳು ಹೀಗೇ ಎಂದು ಅಕ್ಕಪಕ್ಕದವರೊಡನೆ ಹೇಳಿಕೊಂಡರು. ಎರಡು ದಿನ ಊಟದ ಹೊತ್ತಿನಲ್ಲೂ ಮಾತಿಲ್ಲ.

ನಿಜವನ್ನು ಕಂಡುಹಿಡಿದದ್ದು ಅಜ್ಜಿ. ಒಂದು ಮಧ್ಯಾಹ್ನ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಮೊಮ್ಮಗಳನ್ನು ಮುಂದೆ ಕೂರಿಸಿಕೊಂಡರು. ಬೇಡಬೇಡವೆಂದು ಅವಳು ತಪ್ಪಿಸಿಕೊಳ್ಳುತ್ತಿದ್ದುದೇ ಅವರಿಗೆ ಅನುಮಾನ ತಂದಿತ್ತು. ನೆತ್ತಿಯ ಮೇಲೆ ಬೆರಳಾಡಿಸಿದವರು ಸುಮ್ಮನಾದರು. ಬೈತಲೆ ಅಗಲವಾಗಿತ್ತು. ಕೈಗೆ ಸಿಕ್ಕಿದ ಜಡೆ ಮಾಘದಲ್ಲಿ ಇದ್ದುದರ ಅರ್ಧವೂ ಇರಲಿಲ್ಲ.

ಪರೀಕ್ಷೆಗೆ ಮುಂಚೆ ಹಾಸ್ಟೆಲಿನಲ್ಲಿ ಅವಳಿಗೆ ಟೈಫಾಯಿಡ್ ಬಂದಿತ್ತು. ಜ್ವರ ವಾಸಿಯಾಯಿತು, ಪರೀಕ್ಷೆಯೂ ಮುಗಿಯಿತು. ಎರಡು ಮೂರು ತಿಂಗಳ ಮೇಲೆ ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ದೊಡ್ಡ ಜ್ವರ ಬಂದಾಗ ಬಹಳಷ್ಟು ಕೂದಲು ಒಮ್ಮೆಗೇ ಬೆಳೆಯುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತದೆ, ತಿಂಗಳುಗಳ ಬಳಿಕ ಒಟ್ಟಿಗೇ ಉದುರುತ್ತದೆ. ಬೇರು ಸತ್ತಿರುವುದಿಲ್ಲ, ಆರು ತಿಂಗಳ ಸುಮಾರಿಗೆ ಮತ್ತೆ ಬರುತ್ತದೆ ಎಂದು ವೈದ್ಯರು ಹೇಳಿದ್ದರು. ಆದರೆ ಮದುವೆ ಇದ್ದದ್ದು ಆರು ವಾರದಲ್ಲಿ. ಹೆಣ್ಣು ನೋಡಲು ಬಂದಾಗ ಗಂಡಿನ ಕಡೆಯ ಹೆಂಗಸೊಬ್ಬರು ಜಡೆ ಹಿಡಿದು ನೋಡಿ, "ಎಲ್ಲಾ ಸ್ವಂತದ್ದೇ ತಾನೆ?" ಎಂದು ನಕ್ಕಿದ್ದರು. ಆ ನಗು ಅವಳ ನಿದ್ದೆ ಕೆಡಿಸಿತ್ತು. ಭಾರದ ಜಡೆ ಬಿಗಿದರೆ ಉಳಿದದ್ದೂ ಕಿತ್ತುಬಂದೀತು, ನೆತ್ತಿ ಕಂಡೀತು ಎಂಬ ಹೆದರಿಕೆಗೇ ಅವಳು ಕೂದಲು ಬಿಡುತ್ತೇನೆ ಎಂದಿದ್ದು.

"ನನಗ್ಯಾಕೆ ಹೇಳಲಿಲ್ಲ?" ಎಂದರು ತಾಯಿ.

"ಯಾವ ಜಡೆ ಅಂತ ಕೇಳಿದೆ. ಯಾಕೆ ಬೇಡ ಅಂತ ನೀನು ಕೇಳಲೇ ಇಲ್ಲವಲ್ಲಮ್ಮ."

ತಾಯಿಯ ಬಳಿ ಇದಕ್ಕೆ ಉತ್ತರ ಇರಲಿಲ್ಲ. ಅಜ್ಜಿ ಎದ್ದು ಹೋಗಿ ತಮ್ಮ ಹಳೆಯ ಟ್ರಂಕಿನಿಂದ ಒಂದು ಚೌರಿ ತಂದರು. "ಗುಬ್ಬಿಯಲ್ಲಿ ಹುಟ್ಟಿ ಚೌರಿಗೆ ನಾಚ್ಕೋತಾರೇನೆ? ಕಂಪನಿ ನಾಟಕದಲ್ಲಿ ಗಂಡಸರೇ ಚೌರಿ ಕಟ್ಕೊಂಡು ದ್ರೌಪದಿ ಆಗ್ತಿದ್ರಂತೆ. ನೋಡಿದೋರು ಅಳ್ತಿದ್ರಂತೆ." ಅಜ್ಜಿಯ ಮಾತಿನಲ್ಲಿ ಸುಳ್ಳಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲದಲ್ಲಿ ಸ್ತ್ರೀ ಪಾತ್ರಗಳನ್ನು ಗಂಡಸರೇ ಕಟ್ಟುತ್ತಿದ್ದರು. ಹೆಣ್ಣುಮಕ್ಕಳು ರಂಗಕ್ಕೆ ಬಂದು ನೆಲೆನಿಂತದ್ದು ಆಮೇಲೆ. ಕೂದಲು ಯಾರದೆಂದು ಪ್ರೇಕ್ಷಕರು ಕೇಳುತ್ತಿರಲಿಲ್ಲ.

ಹುಡುಗನಿಗೆ ವಿಷಯ ಮುಚ್ಚಿಡುವುದು ಬೇಡವೆಂದು ಹುಡುಗಿ ಅಂದು ಸಂಜೆ ತಾನೇ ಫೋನ್ ಮಾಡಿ ಹೇಳಿದಳು. ಅತ್ತ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಅವನು, ತನ್ನ ನೆತ್ತಿಯೂ ಒಂದು ವರ್ಷದಿಂದ ಬರಿದಾಗುತ್ತಿದೆ, ಬಾಚಿ ಮುಚ್ಚಿಕೊಂಡಿದ್ದೇನೆ, ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ ಎಂದನಂತೆ.

ಆಮೇಲೆ ಜಡೆ ತೀರ್ಮಾನವಾಗಲು ಅರ್ಧ ಗಂಟೆ ಸಾಕಾಯಿತು. ಹಿಂದಿನ ದಿನವೇ ತಲೆಗೆ ನೀರು ಹಾಕಿ, ಪೂರ್ತಿ ಒಣಗಿಸುವುದು. ಒದ್ದೆ ಕೂದಲು ಬೇಗ ಹಿಗ್ಗುತ್ತದೆ, ಬೇಗ ಹರಿಯುತ್ತದೆ, ಅದನ್ನು ಹೆಣೆಯಬಾರದು. ಆರತಕ್ಷತೆಗೆ ಕತ್ತಿನ ಬಳಿ ಸಡಿಲವಾದ ತುರುಬು, ಸುತ್ತ ಒಂದೇ ಸುತ್ತು ದುಂಡುಮಲ್ಲಿಗೆ. ಬೆಳಿಗ್ಗೆ ಧಾರೆಗೆ ಅದೇ ತುರುಬನ್ನು ಬಿಚ್ಚದೆ ಅದಕ್ಕೆ ಚೌರಿಯ ಜಡೆ ಸೇರಿಸುವುದು. ಭಾರವೆಲ್ಲ ತುರುಬಿನ ಮೇಲೆ, ನೆತ್ತಿಯ ಕೂದಲಿನ ಮೇಲಲ್ಲ. ಮೊಗ್ಗು ಬೆನ್ನಿನ ಅರ್ಧದವರೆಗೆ ಮಾತ್ರ. ಬಾಳೆಪಟ್ಟೆಯ ಬದಲು ತೆಳು ರಟ್ಟು, ಲೋಹದ ಕುಚ್ಚಿನ ಬದಲು ರೇಷ್ಮೆ ದಾರದ ಕುಚ್ಚು. ಬೈತಲೆಯನ್ನು ನೇರ ಗೆರೆಯಾಗಿ ತೆಗೆಯದೆ, ಮುಂದಲೆಯನ್ನು ಸ್ವಲ್ಪ ಉಬ್ಬಿಸಿ ಹಿಂದಕ್ಕೆ ಬಾಚಿ ಬೈತಲೆ ಬೊಟ್ಟು ಇಡುವುದು. ವರಮಹಾಲಕ್ಷ್ಮಿ ಹಬ್ಬದ ಆಸುಪಾಸು ಮಲ್ಲಿಗೆಯ ಬೆಲೆ ಏರುವುದರಿಂದ ಅರ್ಧ ಜಡೆ ಜೇಬಿಗೂ ಹಗುರ ಎಂದು ತಂದೆಯೂ ತೋಟದಿಂದ ಬಂದು ಒಪ್ಪಿಗೆ ಸೂಚಿಸಿದರು.

ಎಲ್ಲರಿಗೂ ಇದೇ ಜಡೆ ಹೊಂದಬೇಕೆಂದಿಲ್ಲ. ದುಂಡು ಮುಖದವರಿಗೆ ಮುಂದಲೆಯಲ್ಲಿ ಕೊಂಚ ಎತ್ತರ ಕೊಟ್ಟರೆ ಮುಖ ನೀಳವಾಗಿ ಕಾಣುತ್ತದೆ. ಉದ್ದ ಮುಖಕ್ಕೆ ಎತ್ತರ ಬೇಡ, ಕಿವಿಯ ಪಕ್ಕ ಹೂವಿನ ತುಂಬು ಬೇಕು. ಗಿಡ್ಡ ಕುತ್ತಿಗೆಯವರು ತುರುಬನ್ನು ಸ್ವಲ್ಪ ಮೇಲಕ್ಕೆ ಕಟ್ಟಿದರೆ ಒಡವೆಗೆ ಜಾಗ ಸಿಗುತ್ತದೆ. ಗುಂಗುರು ಕೂದಲಿನವರು ಅದನ್ನು ಇಸ್ತ್ರಿ ಮಾಡಿ ನೇರಗೊಳಿಸಿ ಮಳೆಯೊಡನೆ ಜಗಳಕ್ಕಿಳಿಯುವ ಬದಲು ಗುಂಗುರನ್ನೇ ಹೆಣೆದುಕೊಳ್ಳುವುದು ಜಾಣತನ. ಟ್ರಯಲ್ ಮಾಡಿಸುವುದಾದರೆ ಮಳೆ ಬರುವ ದಿನವೇ ಮಾಡಿಸಿ, ಮೂರು ತಾಸು ಮನೆಗೆಲಸ ಮಾಡಿ ನೋಡಬೇಕು. ಇಷ್ಟಕ್ಕೂ ಮೊದಲು ತಂದೆತಾಯಿಗಳು ಮಗಳನ್ನು ಕೂರಿಸಿಕೊಂಡು ಯಾವುದು ಬೇಕೆಂದು ಕೇಳುವುದಷ್ಟೇ ಅಲ್ಲ, ಯಾವುದು ಯಾಕೆ ಬೇಡವೆಂದೂ ಕೇಳಬೇಕು. ಮಕ್ಕಳೂ ಅಷ್ಟೇ, ತಲೆ ಭಾರವೆಂದು ಒಂದು ಮಾತಿನಲ್ಲಿ ಮುಗಿಸಿದರೆ ಭಾರ ಯಾವುದೆಂದು ಹೆತ್ತವರಿಗೆ ಹೇಗೆ ತಿಳಿಯಬೇಕು?

ಧಾರೆಯ ದಿನ ಕುಣಿಗಲ್ಲಿನಲ್ಲಿ ಬೆಳಗಿನಿಂದ ಸೋನೆ ಹಿಡಿದಿತ್ತು. ಜಡೆ ಜಗ್ಗಲಿಲ್ಲ, ಬಾಸಿಂಗ ಜಾರಲಿಲ್ಲ. ಹಿಂದೆ ಜಡೆ ಹಿಡಿದು ನೋಡಿದ್ದ ಆ ಹೆಂಗಸು ಈ ಬಾರಿಯೂ ಹತ್ತಿರ ಬಂದು, ಎಲ್ಲಿ ಕಟ್ಟಿಸಿದಿರಿ ಎಂದು ಕೇಳಿದರು. "ಚೌರಿ ನಮ್ಮತ್ತೆಯವರದು, ಹೂವು ತುಮಕೂರಿನದು" ಎಂದರು ತಾಯಿ, ದನಿ ತಗ್ಗಿಸದೆ.

ಯುಗಾದಿಗೆ ಮಗಳು ಅಳಿಯ ಗುಬ್ಬಿಗೆ ಬಂದರು. ಎಣ್ಣೆಸ್ನಾನದ ಹೊತ್ತಿಗೆ ಅಜ್ಜಿ ಮೊಮ್ಮಗಳ ನೆತ್ತಿಗೆ ಕೈಯಿಟ್ಟರು. ಬೈತಲೆಯ ಎರಡೂ ಕಡೆ ಗಿಡ್ಡ ಕೂದಲು, ನಾಟಿ ಹಿಡಿದ ಪೈರಿನ ಹಾಗೆ, ನೆಟ್ಟಗೆ ಎದ್ದು ನಿಂತಿತ್ತು.