ಟ್ವೀಡ್ ಕಣಿವೆಯ ಕೆಸರು ಜಾಡು

ಸ್ಕಾಟ್ಲೆಂಡಿನ ಎಡಿನ್‌ಬರಾ ನಗರದಿಂದ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ಸಾಗಿದರೆ ಟ್ವೀಡ್ ನದಿಯ ದಂಡೆಯಲ್ಲಿ ಪೀಬಲ್ಸ್ ಎಂಬ ಪುಟ್ಟ ಪೇಟೆ ಸಿಗುತ್ತದೆ. ನಮ್ಮ ಶಾಲಾ ಗ್ರಂಥಾಲಯಗಳ ಕಪಾಟಿನಲ್ಲಿ ಒಂದು ಕಾಲಕ್ಕೆ ತಪ್ಪದೆ ಇರುತ್ತಿದ್ದ ಚೇಂಬರ್ಸ್ ನಿಘಂಟಿನ ಸಂಸ್ಥೆಯನ್ನು ಕಟ್ಟಿದ ಚೇಂಬರ್ಸ್ ಸೋದರರು ಹುಟ್ಟಿದ್ದು ಈ ಊರಿನಲ್ಲಿ. 1962ರಲ್ಲಿ ರೈಲು ನಿಂತುಹೋದ ಮೇಲೆ ಇಲ್ಲಿಗೆ ಬಸ್ಸು ಇಲ್ಲವೇ ಕಾರೇ ಗತಿ. ಪೇಟೆ ದಾಟಿ ನದಿಯ ಗುಂಟ ಪೂರ್ವಕ್ಕೆ ಎರಡು ಮೂರು ಕಿ.ಮೀ. ಹೋದರೆ ಎಡಗಡೆ ಏರುತ್ತ ಹೋಗುವ ಕಾಡೇ ಗ್ಲೆಂಟ್ರೆಸ್. ನಮ್ಮ ಕಡೆಯ ಚಾರಣಿಗರಿಗೆ ಕುಮಾರಪರ್ವತದ ಹೆಸರು ಹೇಗೋ, ಬ್ರಿಟನ್ನಿನ ಬೆಟ್ಟದ ಸೈಕಲ್ ಸವಾರರಿಗೆ ಗ್ಲೆಂಟ್ರೆಸ್ ಹೆಸರು ಹಾಗೆ.

ಕಾಡು ಎಂದೊಡನೆ ನಮ್ಮ ಮಲೆನಾಡಿನ ಕಾಡನ್ನು ಕಲ್ಪಿಸಿಕೊಳ್ಳಬೇಡಿ. ಇದು ನೆಟ್ಟು ಬೆಳೆಸಿದ ಕಾಡು. ಮೊದಲನೆಯ ಮಹಾಯುದ್ಧದಲ್ಲಿ ಮರಮಟ್ಟಿಗೆ ತತ್ವಾರವಾದದ್ದನ್ನು ಕಂಡ ಬ್ರಿಟಿಷ್ ಸರ್ಕಾರ 1919ರಲ್ಲಿ ಅರಣ್ಯ ಆಯೋಗವೊಂದನ್ನು ರಚಿಸಿತು. ಮರುವರ್ಷವೇ ಗ್ಲೆಂಟ್ರೆಸ್ಸಿನ ಬೆಟ್ಟಗಳು ಅದರ ಕೈಸೇರಿದವು. ಸಿಟ್ಕಾ ಸ್ಪ್ರೂಸ್, ಡಗ್ಲಾಸ್ ಫರ್ ಮುಂತಾದ ಅಮೆರಿಕದ ಸೂಚಿಪರ್ಣಿ ಮರಗಳು ಇಲ್ಲಿ ಸಾಲುಸಾಲಾಗಿ ನಿಂತಿವೆ. ನಡುಹಗಲಲ್ಲೂ ಒಳಗೆ ಮಬ್ಬುಗತ್ತಲು. ಬೇರುಗಳು ನೆಲದಾಳಕ್ಕೆ ಇಳಿಯದೆ ಮೇಲ್ಮೈಯಲ್ಲೇ ಹಾವುಗಳಂತೆ ಹರಡಿಕೊಂಡಿರುತ್ತವೆ. ಈ ಬೇರುಗಳ ಮಾತು ಮುಂದೆ ಬರುತ್ತದೆ.

ದಕ್ಷಿಣ ಸ್ಕಾಟ್ಲೆಂಡಿನಲ್ಲಿ 'ಸೆವೆನ್ ಸ್ಟೇನ್ಸ್' ಎಂಬ ಸೈಕಲ್ ಜಾಡುಗಳ ಸರಣಿಯಿದೆ. ಸ್ಟೇನ್ ಎಂದರೆ ಅಲ್ಲಿನ ಆಡುಮಾತಿನಲ್ಲಿ ಕಲ್ಲು. ಅದರಲ್ಲಿ ಗ್ಲೆಂಟ್ರೆಸ್ಸೂ ಒಂದು. ಹಸಿರು ಬಣ್ಣದ ಫಲಕವಿದ್ದರೆ ಮಕ್ಕಳೂ ಹೋಗಬಹುದಾದ ಸುಲಭದ ದಾರಿ. ಅಲ್ಲಿಂದ ನೀಲಿ, ಕೆಂಪು, ಕಪ್ಪು ಎಂದು ಕಷ್ಟ ಏರುತ್ತ ಹೋಗುತ್ತದೆ. 2023ರ ಆಗಸ್ಟಿನಲ್ಲಿ ವಿಶ್ವ ಸೈಕ್ಲಿಂಗ್ ಚಾಂಪಿಯನ್‌ಷಿಪ್ಪಿನ ಬೆಟ್ಟದ ಸೈಕಲ್ ಓಟ ನಡೆದದ್ದು ಇದೇ ಕಾಡಿನಲ್ಲಿ. ಆದರೆ ಅದು ಬೇಸಿಗೆಯ ಮಾತು. ನಾನು ಹೋದದ್ದು 2024ರ ಡಿಸೆಂಬರಿನಲ್ಲಿ, ಎಡಿನ್‌ಬರಾದಲ್ಲಿ ಕೆಲಸದಲ್ಲಿರುವ ನನ್ನ ಅಣ್ಣನ ಮಗನ ಮನೆಗೆ ರಜೆ ಹಾಕಿ ಹೋಗಿದ್ದಾಗ. ಅವನ ಹದಿಮೂರು ವರ್ಷದ ಮಗಳಿಗೆ ಈ ಸವಾರಿಯ ಹುಚ್ಚು. ಮಳೆ ಬಂದರೆ ಹೊರಡುವುದಿಲ್ಲವೇ ಎಂದು ನಾನು ಕೇಳಿದೆ. "ತಾತ, ಇಲ್ಲಿ ಮಳೆ ನಿಲ್ಲಲಿ ಅಂತ ಕಾದರೆ ಸೈಕಲ್ಲು ತುಕ್ಕು ಹಿಡಿಯುತ್ತೆ," ಎಂದಳು!

ಚಳಿಗಾಲದ ಹಗಲು ಅಲ್ಲಿ ಎಷ್ಟು ಗಿಡ್ಡ ಎಂಬುದನ್ನು ಮೊದಲು ತಿಳಿಯಬೇಕು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ಪೀಬಲ್ಸ್ ಹೆಚ್ಚುಕಡಿಮೆ 55.7ರಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ದಿಗಂತದಿಂದ 53 ಡಿಗ್ರಿಗಿಂತ ಎತ್ತರದಲ್ಲಿರುತ್ತಾನೆ. ಪೀಬಲ್ಸಿನಲ್ಲಿ 11 ಡಿಗ್ರಿಯನ್ನೂ ಮುಟ್ಟುವುದಿಲ್ಲ. ತೊಂಬತ್ತರಿಂದ ಅಕ್ಷಾಂಶವನ್ನೂ 23.4ನ್ನೂ ಕಳೆದು ನೀವೇ ಲೆಕ್ಕ ಹಾಕಿ ನೋಡಬಹುದು. ಬೆಳಿಗ್ಗೆ ಎಂಟೂಮುಕ್ಕಾಲರ ಹೊತ್ತಿಗೆ ಉದಯ, ಮಧ್ಯಾಹ್ನ ಮೂರೂಮುಕ್ಕಾಲಿಗೆ ಮುಂಚೆಯೇ ಅಸ್ತ. ಬೆಟ್ಟದ ಉತ್ತರ ಮಗ್ಗುಲಿಗೆ ದಿನವಿಡೀ ಬಿಸಿಲೇ ಇಲ್ಲ. ಅಲ್ಲಿ ಹಿಂದಿನ ರಾತ್ರಿ ಹೆಪ್ಪುಗಟ್ಟಿದ ನೆಲ ಹಾಗೆಯೇ ಉಳಿದಿರುತ್ತದೆ. ನಡುಹಗಲಿಗೆ ಮೇಲಿನ ಒಂದೆರಡು ಅಂಗುಲ ಮಾತ್ರ ಕರಗುತ್ತದೆ. ಕೆಳಗಿನ ಪದರ ಇನ್ನೂ ಗಟ್ಟಿಯಾಗಿರುವುದರಿಂದ ನೀರು ಇಂಗುವುದಿಲ್ಲ. ಸಿಮೆಂಟು ನೆಲದ ಮೇಲೆ ಗ್ರೀಸು ಬಳಿದಂತೆ ಜಾರುತ್ತದೆ.

ಇಂಥ ನೆಲದಲ್ಲಿ ಓಡಿಸಲು ಸೈಕಲ್ಲಿನ ಟಯರಿನ ಗಾಳಿಯನ್ನು ತುಸು ಇಳಿಸುತ್ತಾರೆ. ಅಣ್ಣನ ಮಗ ಅಂದು ಬೆಳಿಗ್ಗೆ ಕಾರಿನಿಂದ ಸೈಕಲ್ಲುಗಳನ್ನು ಇಳಿಸಿದವನೇ ಮಾಡಿದ ಮೊದಲ ಕೆಲಸ ಅದು. ಒಂಬತ್ತನೇ ತರಗತಿಯ ಲೆಕ್ಕ ಇದು: ಸವಾರ, ಸೈಕಲ್ಲು ಸೇರಿ 80 ಕೆ.ಜಿ. ಇದ್ದರೆ ನೆಲದ ಮೇಲಿನ ಬಲ ಸುಮಾರು 800 ನ್ಯೂಟನ್. ಗಾಳಿಯ ಒತ್ತಡ 200 ಕಿಲೊಪಾಸ್ಕಲ್ ಇದ್ದಾಗ ಎರಡೂ ಟಯರುಗಳು ನೆಲವನ್ನು ಒಟ್ಟು 40 ಚದರ ಸೆಂಟಿಮೀಟರಿನಷ್ಟು ಮುಟ್ಟುತ್ತವೆ. ಒತ್ತಡವನ್ನು 160ಕ್ಕೆ ಇಳಿಸಿದರೆ ಅದು 50 ಆಗುತ್ತದೆ. ಘರ್ಷಣೆಗೂ ಸಂಪರ್ಕದ ವಿಸ್ತೀರ್ಣಕ್ಕೂ ಸಂಬಂಧವಿಲ್ಲ ಎಂದು ನೀವೇ ಪಾಠ ಮಾಡಿದಿರಲ್ಲ ಸಾರ್ ಎಂದು ಹಿಂದಿನ ಬೆಂಚಿನ ಚುರುಕು ಹುಡುಗ ಕೇಳಿಯೇ ಕೇಳುತ್ತಾನೆ. ಸರಿ, ಆದರೆ ಆ ನಿಯಮ ಗಟ್ಟಿ, ಒಣ ವಸ್ತುಗಳಿಗೆ ಒಪ್ಪುತ್ತದೆ. ಮೆತ್ತಗಿನ ರಬ್ಬರಿಗೆ ಪೂರ್ತಿ ಒಪ್ಪುವುದಿಲ್ಲ. ಗಾಳಿ ಕಡಿಮೆಯಿದ್ದಾಗ ಟಯರು ಕಲ್ಲನ್ನು, ಬೇರನ್ನು ತಬ್ಬಿದಂತೆ ಬಾಗಿ ಹಿಡಿದುಕೊಳ್ಳುತ್ತದೆ. ಅತಿಯಾಗಿ ಇಳಿಸಿದರೂ ಕಷ್ಟವೇ, ಕಲ್ಲು ತಗುಲಿ ರಿಮ್ಮು ಬೆಂಡಾಗುತ್ತದೆ.

ಇನ್ನು ಬೇರುಗಳು. ಒದ್ದೆ ಬೇರಿಗಿಂತ ಜಾರುವ ವಸ್ತು ಕಾಡಿನಲ್ಲಿ ಇನ್ನೊಂದಿಲ್ಲ. ಅದನ್ನು ಓರೆಯಾಗಿ ದಾಟಿದರೆ ಮುಂದಿನ ಚಕ್ರ ಬೇರಿನ ಉದ್ದಕ್ಕೂ ಜಾರಿಹೋಗುತ್ತದೆ. ನೇರವಾಗಿ, ಲಂಬಕೋನದಲ್ಲಿ ದಾಟಬೇಕು. ಅದರ ಮೇಲಿರುವಾಗ ಬ್ರೇಕು ಹಿಡಿಯಬಾರದು. ಬ್ರೇಕು ಹಿಡಿಯುವುದೇನಿದ್ದರೂ ಬೇರು ಬರುವ ಮುನ್ನ. ಮೊಮ್ಮಗಳು ಇದನ್ನು ನನಗೆ ಹಸಿರು ಜಾಡಿನಲ್ಲಿ ಮೂರು ಸಲ ಹೇಳಿಕೊಟ್ಟಳು. ಮುಂದೆ ಅವರು ನೀಲಿ ಜಾಡು ಹಿಡಿದಾಗ ನಾನು ಪಕ್ಕದ ಅಗಲವಾದ ಅರಣ್ಯ ರಸ್ತೆಯಲ್ಲಿ ಹೋಗಿ ಅಲ್ಲಲ್ಲಿ ಅವರನ್ನು ಕೂಡಿಕೊಳ್ಳುತ್ತಿದ್ದೆ.

ಜಾಡು ಕಡಿದವರ ಬುದ್ಧಿಯನ್ನು ಮೆಚ್ಚಬೇಕು. ದಾರಿ ಎಲ್ಲೂ ಬಹಳ ದೂರ ಒಂದೇ ಸಮನೆ ಇಳಿಯುವುದಿಲ್ಲ. ಇಳಿದು, ತುಸು ಏರಿ, ಮತ್ತೆ ಇಳಿಯುತ್ತದೆ. ತಗ್ಗಿನಲ್ಲಿ ನೀರು ಪಕ್ಕಕ್ಕೆ ಹರಿದುಹೋಗಲು ಜಾಗ ಬಿಟ್ಟಿದ್ದಾರೆ. ಮೇಲ್ಮೈಗೆ ಜಲ್ಲಿ ಹೊಡೆದು ಇಳಿಜಾರಿನ ಕಡೆಗೆ ಓರೆ ಕೊಟ್ಟಿದ್ದಾರೆ. ನಮ್ಮ ಕಾಫಿ ತೋಟಗಳ ಹಳೆಯ ರಸ್ತೆಗಳಲ್ಲೂ ಇಂಥ ಉಪಾಯವಿತ್ತು. ಜಲ್ಲಿಯಿಲ್ಲದ ಬರಿಮಣ್ಣಿನ ಕಾಲುಹಾದಿಗಳೂ ಅಲ್ಲಿ ಬೇಕಾದಷ್ಟಿವೆ. 2003ರ ಭೂಸುಧಾರಣೆ ಕಾಯಿದೆಯ ಪ್ರಕಾರ ಸ್ಕಾಟ್ಲೆಂಡಿನಲ್ಲಿ ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರೂ ಬಹುಪಾಲು ಬೆಟ್ಟ ಕಾಡುಗಳಲ್ಲಿ ನಡೆದೋ ಸೈಕಲ್ಲೇರಿಯೋ ಹೋಗಬಹುದು. ಆದರೂ ನೆಲ ನೆನೆದು ಮುದ್ದೆಯಾಗಿರುವಾಗ ಅಂಥ ಹಾದಿಯಲ್ಲಿ ಸೈಕಲ್ ನುಗ್ಗಿಸುವುದು, ಕಾನೂನು ಏನೇ ಹೇಳಲಿ, ಸಭ್ಯತೆಯಲ್ಲ. ಒಂದು ಚಕ್ರದ ಗೀರು ಸಾಕು, ಮುಂದಿನ ಮಳೆಗೆ ಅದೇ ಕಾಲುವೆಯಾಗುತ್ತದೆ.

ಅಂದು ಕಣಿವೆಯಲ್ಲಿ ಉಷ್ಣತೆ 5 ಡಿಗ್ರಿ, ಜಿಟಿಜಿಟಿ ಮಳೆ. ಮೇಲೆ ಹೋದಂತೆ ನೂರು ಮೀಟರಿಗೆ ಅರ್ಧದಿಂದ ಮುಕ್ಕಾಲು ಡಿಗ್ರಿ ಇಳಿಯುತ್ತದಾದ್ದರಿಂದ ಮೇಲುಭಾಗದಲ್ಲಿ 3 ಡಿಗ್ರಿ ಇದ್ದಿರಬೇಕು. ಮೈನಸ್ 5 ಇಲ್ಲವಲ್ಲ, ವಾಸಿ ಎಂದುಕೊಂಡೆ. "ಇಲ್ಲ ಚಿಕ್ಕಪ್ಪ, ಮೈನಸ್ ಐದೇ ವಾಸಿ. ಆಗ ಮೈ ಒಣಗಿರುತ್ತೆ," ಎಂದ ಅಣ್ಣನ ಮಗ. ಯೋಚಿಸಿದರೆ ಅದು ನಿಜವೇ. ನಿಂತ ಗಾಳಿಗಿಂತ ನೀರು ಶಾಖವನ್ನು ಸುಮಾರು ಇಪ್ಪತ್ತನಾಲ್ಕು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ತನ್ನ ನೂಲಿನಿಂದಲ್ಲ, ನೂಲುಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಹತ್ತಿಬಟ್ಟೆ ನೆನೆದರೆ ಆ ಗಾಳಿಯ ಜಾಗವನ್ನೆಲ್ಲ ನೀರು ತುಂಬಿ ಮೈಗೆ ಅಂಟಿಕೊಳ್ಳುತ್ತದೆ. ಉಣ್ಣೆ ಹಾಗಲ್ಲ. ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಎಳೆಯೊಳಗೇ ಹೀರಿಕೊಂಡರೂ ಮುದ್ದೆಯಾಗದೆ ಗಾಳಿಯನ್ನು ಉಳಿಸಿಕೊಳ್ಳುತ್ತದೆ. ಆಷಾಢದ ಗದ್ದೆಯಲ್ಲಿ ನಮ್ಮ ಹಿರಿಯರು ಕಂಬಳಿ ಕೊಪ್ಪೆ ಹೊದ್ದು ಸಂಜೆಯವರೆಗೆ ನಿಲ್ಲುತ್ತಿದ್ದರಲ್ಲ, ಅದರ ಗುಟ್ಟೂ ಇದೇ.

ಸೈಕಲ್ ಸವಾರನಿಗೆ ಇನ್ನೊಂದು ತಾಪತ್ರಯವಿದೆ. ಅವನು ಒಂದು ಗಂಟೆ ಬೆವರು ಸುರಿಸಿ ಏರುತ್ತಾನೆ, ಆಮೇಲೆ ಪೆಡಲು ತುಳಿಯದೆಯೇ ಹತ್ತು ನಿಮಿಷ ಧುಮುಕುತ್ತಾನೆ. ಮೈ ಶಾಖ ಹುಟ್ಟಿಸುವುದನ್ನು ಕಡಿಮೆ ಮಾಡಿದ ಹೊತ್ತಿಗೇ ಎದುರುಗಾಳಿ ಶುರು. 3 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬಡಿದರೆ ಮುಖಕ್ಕೆ ಆಗುವ ಅನುಭವ ಮೈನಸ್ 2–3 ಡಿಗ್ರಿಯದು. ಹಾಗಾಗಿ ಬಲ್ಲವರು ಏರುವಾಗ ಕೋಟಿನ ಜಿಪ್ಪು ಬಿಚ್ಚಿ, ತಲೆ ತಲುಪಿದೊಡನೆ ಇನ್ನೊಂದು ಪದರ ತೊಟ್ಟು, ಆಮೇಲೆ ಇಳಿಯುತ್ತಾರೆ. ಕೋಟು ಎಂದಾಗ ನೆನಪಾಯಿತು. ನೀರು ತಡೆಯುವ ಬಟ್ಟೆಗೆ 1823ರಲ್ಲಿ ಪೇಟೆಂಟ್ ಪಡೆದ ಚಾರ್ಲ್ಸ್ ಮ್ಯಾಕಿಂತಾಷ್ ಗ್ಲಾಸ್ಗೋದವನು. ನ್ಯಾಫ್ತಾದಲ್ಲಿ ರಬ್ಬರನ್ನು ಕರಗಿಸಿ ಎರಡು ಬಟ್ಟೆಗಳ ನಡುವೆ ಬಳಿದಿದ್ದ. ಹೊರಗಿನ ಮಳೆ ಒಳಗೆ ಬರುತ್ತಿರಲಿಲ್ಲ, ಒಳಗಿನ ಬೆವರು ಹೊರಗೂ ಹೋಗುತ್ತಿರಲಿಲ್ಲ! ಟೆಫ್ಲಾನನ್ನು ಸರ್ರನೆ ಎಳೆದರೆ ಸೂಕ್ಷ್ಮ ರಂಧ್ರಗಳ ಹಾಳೆಯಾಗುತ್ತದೆ ಎಂದು ಅಮೆರಿಕದ ರಾಬರ್ಟ್ ಗೋರ್ 1969ರಲ್ಲಿ ಕಂಡುಕೊಂಡ ಮೇಲೆ, ಹನಿಯನ್ನು ತಡೆದು ಆವಿಯನ್ನು ಬಿಡುವ ಕೋಟುಗಳು ಬಂದವು.

ನಮ್ಮ ಜೊತೆ ಮೊಮ್ಮಗಳ ಸಹಪಾಠಿ ಹುಡುಗನೊಬ್ಬ ಬಂದಿದ್ದ. ಒಳ್ಳೆಯ ಸವಾರ. ಮೇಲೆ ಮಳೆಯಂಗಿ ಇತ್ತು, ಒಳಗಿದ್ದದ್ದು ಮಾತ್ರ ದಪ್ಪ ಹತ್ತಿಯ ಟೋಪಿ ಅಂಗಿ. ಏರುವಾಗ ಬೆವರಿನಿಂದಲೇ ಅದು ತೊಯ್ದುಹೋಗಿತ್ತು. ಒಂದೂವರೆ ಗಂಟೆಗೆ ನಾವು ಅರಣ್ಯ ರಸ್ತೆ ಜಾಡಿಗೆ ಅಡ್ಡಬರುವ ಕಡೆ ಸೇರಿದೆವು. ಅಲ್ಲಿಂದ ಹತ್ತು ನಿಮಿಷ ಏರಿದರೆ ಕೆಂಪು ಜಾಡಿನ ಇಳಿಜಾರು ಆರಂಭ. ಮೊಮ್ಮಗಳು ಎರಡು ತಿಂಗಳಿಂದ ಕಾದದ್ದು ಅದಕ್ಕೇ. ಬೆಳಕೂ ಇತ್ತು. ಹುಡುಗ ಮಾತು ನಿಲ್ಲಿಸಿದ್ದ. ಚಾಕಲೇಟಿನ ಕಾಗದ ಬಿಚ್ಚಲು ಹೋದವನ ಬೆರಳು ಕೇಳುತ್ತಿರಲಿಲ್ಲ. ಏನೂ ಇಲ್ಲ, ಚೆನ್ನಾಗಿದ್ದೇನೆ ಎಂದ. ಅವನನ್ನೇ ನೋಡುತ್ತಿದ್ದ ಮೊಮ್ಮಗಳು ಕನ್ನಡದಲ್ಲಿ, "ಅಪ್ಪ, ಇವನಿಗೆ ಜಿಪ್ ಹಾಕಿಕೊಳ್ಳೋಕೂ ಆಗ್ತಾ ಇಲ್ಲ. ವಾಪಸ್ ಹೋಗೋಣ," ಎಂದಳು.

ಮನುಷ್ಯನ ಮೈಯ ಒಳಶಾಖ 37 ಡಿಗ್ರಿ. 35ಕ್ಕಿಂತ ಕೆಳಗಿಳಿದರೆ ವೈದ್ಯರು ಅದನ್ನು ಅಪಾಯಕರ ಶೀತಸ್ಥಿತಿ ಎನ್ನುತ್ತಾರೆ. ನಡುವೆ ಇರುವುದು ಬರೇ ಎರಡು ಡಿಗ್ರಿ. ಒಂದು ಸಣ್ಣ ಲೋಟದಷ್ಟು, ಅಂದರೆ ನೂರು ಮಿಲಿಲೀಟರ್ ನೀರು ಮೈಮೇಲಿನ ಬಟ್ಟೆಯಿಂದ ಆವಿಯಾಗಲು ಸುಮಾರು 2.4 ಲಕ್ಷ ಜೂಲ್ ಶಾಖ ಬೇಕು. ಅದಷ್ಟೂ 45 ಕೆ.ಜಿ. ತೂಕದ ಹುಡುಗನ ಮೈಯಿಂದಲೇ ಬಂದು, ಮೈ ಹೊಸ ಶಾಖ ಹುಟ್ಟಿಸದೇ ಇದ್ದರೆ, ಅವನ ಉಷ್ಣತೆ ಒಂದೂವರೆ ಡಿಗ್ರಿ ಇಳಿಯುತ್ತದೆ. ನಡುಕ ಬರುವುದು ಶಾಖ ಹುಟ್ಟಿಸಲು ಮೈ ಮಾಡುವ ಹರಸಾಹಸ. ಮಾತು ತೊದಲುವುದು, ಕೈ ತಪ್ಪುವುದು, ಸುಮ್ಮನಾಗಿಬಿಡುವುದು ಇವೆಲ್ಲ ಮುನ್ಸೂಚನೆಗಳು. ತೊಂದರೆಗೆ ಸಿಕ್ಕವನಿಗೆ ಅದು ತಿಳಿಯುವುದಿಲ್ಲ, ಪಕ್ಕದಲ್ಲಿರುವವರೇ ನೋಡಬೇಕು.

ಅಣ್ಣನ ಮಗ ಮಾತಾಡದೆ ಚೀಲದಿಂದ ಒಣ ಉಣ್ಣೆ ಸ್ವೆಟರು ತೆಗೆದ. ಮರದ ಮರೆಯಲ್ಲಿ ಹುಡುಗನ ಒದ್ದೆ ಅಂಗಿ ಕಳಚಿ ಅದನ್ನು ತೊಡಿಸಿ, ಮೇಲೆ ಮಳೆಯಂಗಿ ಹಾಕಿದ. ನನ್ನ ಮಂಕಿ ಕ್ಯಾಪು ಅವನ ತಲೆಗೆ ಹೋಯಿತು. ಬೆಳಿಗ್ಗೆ ಅದನ್ನು ನೋಡಿ ಮೊಮ್ಮಗಳಿಗೆ ನಾಚಿಕೆಯಾಗಿತ್ತು; ಈಗ ತಾನೇ ಅದರ ಗುಂಡಿ ಹಾಕಿದಳು. ಫ್ಲಾಸ್ಕಿನಲ್ಲಿದ್ದ ಸಕ್ಕರೆ ಹೆಚ್ಚಾದ ಬಿಸಿ ಟೀ ಗುಟುಕು ಗುಟುಕಾಗಿ ಕುಡಿಸಿದೆವು. ಕೈ ಉಜ್ಜಲು ಹೊರಟ ನನ್ನನ್ನು ಅಣ್ಣನ ಮಗ ತಡೆದು, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಳ್ಳಲು ಹುಡುಗನಿಗೆ ಹೇಳಿದ. ನಡುಕ ನಿಂತು, ಹುಡುಗ ಮತ್ತೆ ಸರಿಯಾಗಿ ಮಾತಾಡತೊಡಗಿದ ಮೇಲೆ ಸೈಕಲ್ಲುಗಳನ್ನು ತಳ್ಳಿಕೊಂಡು ಅರಣ್ಯ ರಸ್ತೆಯಲ್ಲಿ ನಡೆದೇ ಇಳಿದೆವು. ಏರಿ ಹೋದರೆ ಕಾಲು ಗಂಟೆಯ ದಾರಿ, ನಡೆದದ್ದಕ್ಕೆ ಒಂದು ಗಂಟೆಗೂ ಮೇಲಾಯಿತು. ಆದರೆ ನಡೆದರೆ ಮೈ ಬಿಸಿಯಾಗುತ್ತದೆ, ಎದುರುಗಾಳಿಯೂ ಇಲ್ಲ. ಅರ್ಧ ದಾರಿಯಲ್ಲಿ ಹುಡುಗ ಮೊಮ್ಮಗಳೊಡನೆ ಯಾವುದೋ ಫುಟ್‌ಬಾಲ್ ತಂಡದ ವಿಷಯಕ್ಕೆ ಜಗಳ ತೆಗೆದ. ನನಗೆ ಉಸಿರು ಬಂದಂತಾಯಿತು.

ಮಳೆಯಲ್ಲಿ ನೆನೆದರೆ ನೆಗಡಿಯಾಗುತ್ತದೆ ಎಂದು ಮಕ್ಕಳನ್ನು ಮನೆಯಲ್ಲಿ ಕೂಡಿಹಾಕುವ ತಂದೆತಾಯಿಗಳು ನಮ್ಮಲ್ಲಿ ಬಹಳ. ನೆಗಡಿ ಬರುವುದು ವೈರಸ್ಸಿನಿಂದ. ಆ ಹುಡುಗನ ತಾಯಿಗೆ ಸಂಜೆ ನಡೆದದ್ದನ್ನು ತಿಳಿಸಿದಾಗ ಆಕೆ ಇನ್ನು ಮುಂದೆ ಕಳಿಸುವುದಿಲ್ಲ ಎನ್ನಲಿಲ್ಲ. ಉಣ್ಣೆಯ ಒಳಂಗಿ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂದು ಕೇಳಿದರು.

ಕೆಳಗೆ ಸೈಕಲ್ ತೊಳೆಯುವಾಗ ಮೊಮ್ಮಗಳು ಒಂದು ಮಾತೂ ಆಡಲಿಲ್ಲ; ಕೆಂಪು ಜಾಡು ತಪ್ಪಿದ ಬೇಸರ ಮುಖದಲ್ಲಿತ್ತು. ಸರಪಳಿಯ ಕೆಸರನ್ನು ಹಳೆ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಎಣ್ಣೆ ಬಿಟ್ಟಳು. ಡಿಸ್ಕ್ ಬ್ರೇಕಿಗೆ ಒಂದು ಹನಿ ಎಣ್ಣೆಯೂ ತಾಗದಂತೆ ಕೈ ಅಡ್ಡ ಹಿಡಿದಿದ್ದಳು. ನಾಲ್ಕು ಗಂಟೆಗೆ ಕತ್ತಲಾಗತೊಡಗಿತ್ತು. ಮನೆಗೆ ಬಂದು ಶೂಗಳೊಳಗೆ ಹಳೆಯ ದಿನಪತ್ರಿಕೆ ತುರುಕಿ ಹೀಟರಿನಿಂದ ತುಸು ದೂರದಲ್ಲಿಟ್ಟಳು. ಬೆಳಿಗ್ಗೆ ನೋಡಿದರೆ ಕಾಗದ ನೀರು ಕುಡಿದು ಮೆತ್ತಗಾಗಿತ್ತು. ತೆಗೆದು, ಹೊಸ ಕಾಗದ ತುಂಬಿ, ಮುಂದಿನ ಶನಿವಾರದ ಹವಾಮಾನ ನೋಡತೊಡಗಿದಳು. ಮತ್ತೆ ಮಳೆಯೇ ಇತ್ತು.