ನನ್ನ ಪಟ್ಟಿಯಲ್ಲಿ ಮೊದಲನೇದು ಯಾವುದು ಗೊತ್ತಾ?

ಗೆಳೆಯರೇ, ಮೊದಲೇ ಹೇಳಿಬಿಡ್ತೀನಿ. ಈ ಪಟ್ಟಿ ಓದಿ ಜಗಳಕ್ಕೆ ಬರುವವರಿಗೆಲ್ಲ ಸ್ವಾಗತ. ಅಣ್ಣಾವ್ರ ಮನೆಯ ಕಂಪನಿಯ ಸಾಂಸಾರಿಕ ಚಿತ್ರಗಳಲ್ಲಿ ಐದನ್ನು ಆರಿಸಿ ಒಂದು, ಎರಡು, ಮೂರು ಅಂತ ಸ್ಥಾನ ಕೊಡೋದು ಅಂದ್ರೆ ಸುಮ್ಮನೆ ಮಾತಲ್ಲ. ಪಾರ್ವತಮ್ಮ ರಾಜ್‌ಕುಮಾರ್ ಅವರು 1975ರಲ್ಲಿ 'ತ್ರಿಮೂರ್ತಿ'ಯಿಂದ ನಿರ್ಮಾಣಕ್ಕೆ ಇಳಿದವರು, ಹತ್ತಾರು ವರ್ಷ ಒಂದಾದ ಮೇಲೊಂದು ಚಿತ್ರ ಕೊಟ್ಟರು. 1995ರ 'ಓಂ' ಕೂಡ ಆ ಮನೆಯದೇ. ಆದರೆ ಮಚ್ಚು ಝಳಪಿಸುವಾಗ ಅಮ್ಮನ ಪಕ್ಕ ಕೂತು ಶಿಳ್ಳೆ ಹೊಡೆಯೋಕಾಗುತ್ತಾ? ಹಾಗಾಗಿ ಅದು ಪಟ್ಟಿಯಿಂದ ಹೊರಗೆ.

ನಾನು ಹಲಸೂರಿನವನು. ಸೋಮೇಶ್ವರನ ಗುಡಿಯ ಹತ್ತಿರದ ವಠಾರ. ನಮ್ಮ ದಂಡು ಪ್ರದೇಶದಲ್ಲಿ ಆಗ ರೆಕ್ಸ್, ಪ್ಲಾಜಾ ಅಂದ್ರೆ ಇಂಗ್ಲಿಷ್ ಚಿತ್ರ. ಉಳಿದ ಕಡೆ ಬಹುಪಾಲು ತಮಿಳು, ಹಿಂದಿ. ಅಣ್ಣಾವ್ರನ್ನು ನೋಡಬೇಕಾದರೆ ಬಸ್ ಹತ್ತಿ ಮೆಜೆಸ್ಟಿಕ್ಕಿಗೇ ಹೋಗಬೇಕಿತ್ತು. ಐದು ಜನ, ಹೋಗಿ ಬರೋ ಬಸ್ ಚಾರ್ಜು, ಟಿಕೆಟ್ಟು, ಇಂಟರ್‌ವೆಲ್ಲಿಗೆ ಒಂದು ಪೊಟ್ಟಣ ಕಡಲೆಕಾಯಿ. ಇಷ್ಟಕ್ಕೂ ದುಡ್ಡು ಕೊಡ್ತಿದ್ದವನು ನಮ್ಮಣ್ಣ. 1981ರಲ್ಲಿ ಅಪ್ಪ ಗಾರೆ ಕೆಲಸ ಮಾಡುವಾಗ ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡರು. ಎಂಟನೇ ಕ್ಲಾಸಿನಲ್ಲಿದ್ದ ನಮ್ಮಣ್ಣ ಶಾಲೆ ಬಿಟ್ಟು ಶಿವಾಜಿನಗರದ ಗ್ಯಾರೇಜೊಂದಕ್ಕೆ ಸೇರಿದ. ಶನಿವಾರ ಬಟವಾಡೆ, ಭಾನುವಾರ ಸಿನಿಮಾ. ತೆರೆ ಮೇಲೆ ಅಣ್ಣಾವ್ರು, ಪಕ್ಕದಲ್ಲಿ ಗ್ರೀಸ್ ವಾಸನೆಯ ನಮ್ಮಣ್ಣ.

ಸರಿ, ಪಟ್ಟಿಗೆ ಬರೋಣ.

ಐದನೇದು 'ಆನಂದ್' (1986). ನಾಯಕನಾಗಿ ಶಿವಣ್ಣನ ಮೊದಲ ಚಿತ್ರ, ನಾಯಕಿಯಾಗಿ ಸುಧಾರಾಣಿಯದ್ದೂ. ಅದು ಪ್ರೇಮಕಥೆ ಕಣಯ್ಯಾ ಅಂತ ನೀವು ತಕರಾರು ಎತ್ತಬಹುದು. ಇರಲಿ ಬಿಡಿ, ಇದು ನಮ್ಮ ತಂಗಿಯ ಓಟು.

ನಾಲ್ಕನೇದು 'ಶಂಕರ್ ಗುರು' (1978). ಅಪ್ಪ ಒಬ್ಬ, ಮಕ್ಕಳಿಬ್ಬರು, ಮೂರೂ ಅಣ್ಣಾವ್ರೇ! ಆರು ವರ್ಷದ ನಾನು ಇದನ್ನು ನೋಡೋಕೆ ಹೋಗಿದ್ದು ಅಪ್ಪನ ಹೆಗಲ ಮೇಲೆ. ಆಗ ಆ ಹೆಗಲು ಗಟ್ಟಿಯಾಗಿತ್ತು. ಪಕ್ಕದ ಮನೆಯ ತಮಿಳು ಗೆಳೆಯ, ಶಿವಾಜಿ ಭಕ್ತ, "ಇದು ನಮ್ಮ 'ತಿರಿಶೂಲಂ' ಕಾಪಿ" ಅಂತ ಅಂದುಬಿಟ್ಟ. ಶಿವಾಜಿ ಗಣೇಶನ್ ಅವರ 200ನೇ ಚಿತ್ರ 'ತಿರಿಶೂಲಂ' ಬಂದಿದ್ದು 1979ರಲ್ಲಿ. ನಮ್ಮದರ ಕಥೆಯೇ ಅಲ್ಲಿಗೆ ಹೋಗಿದ್ದು! ಆಮೇಲೆ ಅಮಿತಾಭ್ 'ಮಹಾನ್' (1983) ಮಾಡಿದಾಗ ಅವನೇ ಬಂದು ಟೀ ಕೊಡಿಸಿ ಸೋಲು ಒಪ್ಪಿಕೊಂಡ.

ಮೂರನೇದು 'ಜೀವನ ಚೈತ್ರ' (1992). 'ಪರಶುರಾಮ್' (1989) ಆದಮೇಲೆ ಮೂರು ವರ್ಷ ಕಾಯಿಸಿ ಅಣ್ಣಾವ್ರು ಬಂದಿದ್ದು ಇದರಲ್ಲಿ. ಇದರ ಹಾಡಿಗೇ ಅವರಿಗೆ ಗಾಯಕ ಅಂತ ರಾಷ್ಟ್ರಪ್ರಶಸ್ತಿ ಸಿಕ್ಕಿದ್ದು. ನನ್ನ ಸಂಬಳದಲ್ಲಿ ಮನೆಯವರಿಗೆಲ್ಲ ಟಿಕೆಟ್ ತೆಗೆದ ಮೊದಲ ಚಿತ್ರವೂ ಇದೇ. ಅಪ್ಪ ಕೋಲು ಊರಿಕೊಂಡು ಬಂದರು. ಥಿಯೇಟರಿಗೆ ಅವರು ಬಂದಿದ್ದು ಅದೇ ಕೊನೆ.

ಎರಡನೇದು 'ಹಾಲು ಜೇನು' (1982). ಸಾವಿನ ಅಂಚಿನಲ್ಲಿರೋ ಹೆಂಡತಿಯನ್ನು ಮಗು ಥರ ನೋಡಿಕೊಳ್ಳೋ ಗಂಡ. ಸಿಂಗೀತಂ ಶ್ರೀನಿವಾಸರಾವ್ ನಗಿಸ್ತಾ ನಗಿಸ್ತಾನೇ ಅಳಿಸಿಬಿಡ್ತಾರೆ. ಆಗ ಅಪ್ಪ ಹಾಸಿಗೆಯಲ್ಲಿ. ದಿನವೂ ಅವರ ಮೈ ಒರೆಸಿ, ಗಂಜಿ ಕುಡಿಸಿ, ನಾಲ್ಕು ಮನೆ ಪಾತ್ರೆ ತಿಕ್ಕಿ ಬರ್ತಿದ್ದ ಅಮ್ಮ, ಚಿತ್ರ ಮುಗಿದ ಮೇಲೆ ಬಸ್ಸಿನಲ್ಲಿ ಒಂದೇ ಮಾತು ಹೇಳಿದಳು: "ಗಂಡಸರು ಮಾಡಿದ್ರೆ ಸಿನಿಮಾ ತೆಗೀತಾರೆ." ನಾವೆಲ್ಲ ನಕ್ಕೆವು. ಅಮ್ಮ ನಗಲಿಲ್ಲ.

ಇನ್ನು ಮೊದಲನೇದು. 'ಬೆಟ್ಟದ ಹೂವು' (1985).

ನಿಜ ಹೇಳ್ತೀನಿ, ಆಗ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದ ಪಟ್ಟಿಯಲ್ಲಿ ಇದಕ್ಕೆ ಕೊಟ್ಟಿದ್ದು ಕಟ್ಟಕಡೆಯ ಸ್ಥಾನ. ಪಕ್ಕದಲ್ಲಿ ಷರಾ ಬೇರೆ: "ಫೈಟ್ ಇಲ್ಲ, ಅಣ್ಣಾವ್ರೂ ಇಲ್ಲ." ಹದಿಮೂರು ವರ್ಷದವನ ಬುದ್ಧಿ! ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಹತ್ತು ವರ್ಷದ ಪುನೀತ್‌ಗೆ ಶ್ರೇಷ್ಠ ಬಾಲನಟ ಅಂತ ರಾಷ್ಟ್ರಪ್ರಶಸ್ತಿ. ಬಡತನದಿಂದ ಶಾಲೆ ಬಿಟ್ಟ ರಾಮು, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳೋಕೆ ಅಂತ ಬೆಟ್ಟದ ಹೂವು ಮಾರಿ ಕಾಸು ಕೂಡಿಡ್ತಾನೆ. ಕೊನೆಗೆ ಆ ಕಾಸಿಗೆ ಪುಸ್ತಕ ತರೋದಿಲ್ಲ, ಮನೆಯವರಿಗೆ ಕಂಬಳಿ ತರ್ತಾನೆ.

ಆ ಘಟ್ಟ ಬಂದಾಗ ನಮ್ಮಣ್ಣ ಎದ್ದು ಹೊರಗೆ ಹೋದ. ಆಮೇಲೆ ಕೇಳಿದ್ದಕ್ಕೆ "ಬೀಡಿ ಸೇದೋಕೆ" ಅಂದ. ಅವನು ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ. ಅಳು ಮುಚ್ಚಿಟ್ಟುಕೊಳ್ಳೋಕೆ ಹೋಗಿರಬೇಕು ಅಂತ ನಾನೇ ಕಥೆ ಕಟ್ಟಿಕೊಂಡೆ. ಬಹಳ ವರ್ಷ ಗೆಳೆಯರಿಗೂ ಹಾಗೇ ಹೇಳಿಕೊಂಡು ಬಂದೆ.

2021ರ ಅಕ್ಟೋಬರ್ 29. ಅಪ್ಪು ಹೋದ ಸುದ್ದಿ ಬಂತು. ರಾತ್ರಿ ಕಂಠೀರವ ಸ್ಟೇಡಿಯಂ ಹತ್ತಿರ ಆ ಜನಸಾಗರದ ಸಾಲಿನಲ್ಲಿ ನಾವಿಬ್ಬರೂ ನಿಂತಿದ್ದೆವು. ನಮ್ಮಣ್ಣನಿಗೆ ಮಂಡಿ ನೋವು, ಆದರೂ ಕೂರಲಿಲ್ಲ. ಗಂಟೆಗಟ್ಟಲೆ ಸುಮ್ಮನಿದ್ದವನು ತಾನಾಗಿಯೇ ಬಾಯಿ ಬಿಟ್ಟ.

"ಆವತ್ತು ಎದ್ದು ಹೋಗಿದ್ದೆನಲ್ಲ, ಗ್ಯಾಪ್ಕ ಇದೆಯೇನೋ?"

"ಅಳು ಬಂದಿತ್ತು ಅಲ್ವಾ?" ಅಂದೆ.

"ಅಳು ಅಲ್ಲ ಕಣೋ, ಸಿಟ್ಟು. ಎಲ್ಲರೂ ಅವನನ್ನ ಎಂಥಾ ಒಳ್ಳೆ ಹುಡುಗ ಅಂತಿದ್ರು. ಪುಸ್ತಕಾನೂ ಕಂಬಳೀನೂ ಎರಡೂ ಯಾಕೆ ಸಿಗಬಾರದಿತ್ತು ಆ ಹುಡುಗನಿಗೆ?"

ನನ್ನ ಹತ್ತಿರ ಜವಾಬಿರಲಿಲ್ಲ. ಅವನ ಕಂಬಳಿ ಹೊದ್ದು ಡಿಗ್ರಿ ಮುಗಿಸಿದವನು ನಾನೇ ಅಲ್ವಾ? ನಲವತ್ತು ವರ್ಷ ಅವನನ್ನು ಒಳ್ಳೆಯವನು ಅಂತ ಹೊಗಳಿದ್ದೆ. ಓದಬೇಕು ಅಂತ ಅವನಿಗೂ ಆಸೆ ಇತ್ತೇನೋ ಅಂತ ಒಂದು ಸಲವೂ ಕೇಳಿರಲಿಲ್ಲ. ಸಾಲು ಮುಂದಕ್ಕೆ ಸರೀತು, ನಾವೂ ಸರಿದೆವು.

ಮನೆಗೆ ಬಂದು ಪಟ್ಟಿ ತಿದ್ದಿದೆ. ಕಡೆಯದನ್ನು ಮೊದಲಿಗೆ ತಂದೆ.

ಮೊನ್ನೆ ಅದನ್ನು ನಮ್ಮಣ್ಣನಿಗೆ ಓದಿ ಹೇಳಿದರೆ ಅವನು ಒಪ್ಪಲೇ ಇಲ್ಲ! "ತೆಗಿಯೋ ಅತ್ಲಾಗೆ. 'ಶಂಕರ್ ಗುರು'ನೇ ಫಸ್ಟು. ಒಂದು ಟಿಕೆಟ್ಟಿಗೆ ಮೂರು ಜನ ಅಣ್ಣಾವ್ರು. ಕೊಟ್ಟ ದುಡ್ಡಿಗೆ ಮೋಸ ಇಲ್ಲ" ಅಂದ. ದುಡ್ಡು ಕೊಟ್ಟವನು ಅವನು, ಹೇಳೋ ಹಕ್ಕು ಅವನಿಗಿದೆ.

ನಿಮ್ಮ ಪಟ್ಟಿಯನ್ನೂ ಬರೀರಿ ಗೆಳೆಯರೇ. ಬರೆಯೋ ಮುಂಚೆ ಒಂದು ಮಾತು: ಆವತ್ತು ನಿಮ್ಮ ಪಕ್ಕದ ಸೀಟಿನಲ್ಲಿ ಕೂತವರನ್ನು ಒಂದು ಸಲ ಕೇಳಿಬಿಡಿ. ಟಿಕೆಟ್ ದುಡ್ಡು ಕೊಟ್ಟವರನ್ನಂತೂ ಕೇಳಲೇಬೇಕು.