ವಾಪಸ್ ಬಂದ ಹೆಸರು

ಈ ಮಳೆಗೆ ಕರೆಂಟ್ ಬರೋ ಹಾಗಿಲ್ಲ. ಒಲೆಗೆ ಇನ್ನೊಂದು ಕೊಳ್ಳಿ ದೂಡು ಮಗಾ. ಲಾ ಓದ್ತೇನೆ ಅಂತೀಯಲ್ಲ, ಇದನ್ನು ಕೇಳಿಟ್ಟುಕೋ.

2019ರ ಮೇ ತಿಂಗಳು. ಊರಿಗೆಲ್ಲ ಚುನಾವಣೆ ಫಲಿತಾಂಶದ ಚಿಂತೆ. ಮಡಿಕೇರಿ ಕೋರ್ಟಿನ ವಕೀಲರಾದ ನಮಗೆ ಬೇರೆಯೇ ಚಿಂತೆ. ಕೊಡಗು ಅಂದರೆ ಸೇನೆಯ ಕಾರ್ಯಪ್ಪ, ತಿಮ್ಮಯ್ಯ ಅಂತಾರಲ್ಲ, ಅಂಥ ಊರಿನ ಅಜ್ಜಿಕುಟ್ಟಿರ ಬೋಪಣ್ಣ 1984ರಲ್ಲಿ ಕರಿಕೋಟು ಹಾಕಿ, ಗುವಾಹಟಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದರು. ಅವರನ್ನು ಸುಪ್ರೀಂ ಕೋರ್ಟಿಗೆ ನೇಮಿಸಿ ಅಂತ ಅಲ್ಲಿನ ಹಿರಿಯ ಜಡ್ಜುಗಳ ಕೂಟವಾದ ಕೊಲಿಜಿಯಂ ಏಪ್ರಿಲ್ 12ಕ್ಕೆ ಹೇಳಿತ್ತು. ಸೇವಾ ಹಿರಿತನ, ಪ್ರಾದೇಶಿಕ ಪ್ರಾತಿನಿಧ್ಯ ಅಂತ ಕಾರಣ ಕೊಟ್ಟು ಸರ್ಕಾರ ಆ ಹೆಸರನ್ನು ವಾಪಸ್ ಕಳಿಸಿತು. ಜಾರ್ಖಂಡ್ ಹೈಕೋರ್ಟಿನ ಅನಿರುದ್ಧ ಬೋಸ್ ಅವರದ್ದೂ ಅದೇ ಗತಿ.

ನಾವು ಕೈಚೆಲ್ಲಿ ಕೂತೆವು. ನಮ್ಮ ಸೀನಿಯರ್ ಮಾತ್ರ ಕನ್ನಡಕ ಒರೆಸುತ್ತ, "ನಾನು 1973 ನೋಡಿದವನಯ್ಯಾ" ಅಂದರು. "ಎಡನೀರು ಸ್ವಾಮಿಗಳು ಕೇಶವಾನಂದ ಭಾರತಿಯವರ ಕೇಸಲ್ಲಿ ಏಪ್ರಿಲ್ 24ಕ್ಕೆ ತೀರ್ಪು. ಸಂವಿಧಾನದ ಮೂಲಸ್ವರೂಪ ಮುಟ್ಟಬೇಡಿ ಅಂತ 13ರಲ್ಲಿ 7 ಜನ ಅಂದರು. ಮರುದಿನವೇ ಸರ್ಕಾರದವರು ಆ ಏಳರಲ್ಲಿದ್ದ ಶೆಲತ್, ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ, ಗ್ರೋವರ್, ಮೂವರನ್ನೂ ಹಿಂದೆ ಹಾಕಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟು ಹೊರಟರು. ಆವತ್ತು ತಡೆಯೋಕೆ ಏನೂ ಇರಲಿಲ್ಲ. ಈಗ 1993ರ ತೀರ್ಪಿದೆ. ಅದರ ಪ್ರಕಾರ ಕೊಲಿಜಿಯಂನಿಂದ ಅದೇ ಹೆಸರು ಮತ್ತೆ ಹೋದರೆ ಸರ್ಕಾರ ನೇಮಿಸಲೇಬೇಕು."

ಹಾಗೇ ಆಯ್ತು. ಬೋಪಣ್ಣ, ಬೋಸ್ ಇಬ್ಬರ ನಡತೆ, ಸಾಮರ್ಥ್ಯ, ಪ್ರಾಮಾಣಿಕತೆ ಬಗ್ಗೆ ಯಾವ ಆಕ್ಷೇಪವೂ ಇಲ್ಲ ಅಂತ ಬರೆದು, ಮೇ 8ಕ್ಕೆ ಕೊಲಿಜಿಯಂ ಎರಡೂ ಹೆಸರು ಮತ್ತೆ ಕಳಿಸಿತು. ಮೇ 23ಕ್ಕೆ ಮತ ಎಣಿಕೆ, 24ಕ್ಕೆ ಇವರಿಬ್ಬರೂ ಸೇರಿ ನಾಲ್ವರ ಪ್ರಮಾಣವಚನ. ಸುಪ್ರೀಂ ಕೋರ್ಟಿನ ಆಗಿನ 31 ಕುರ್ಚಿಗಳೂ ಭರ್ತಿ.

"ಗೆದ್ದೆವಲ್ಲ ಸಾರ್!" ಅಂದೆ. ಸೀನಿಯರ್ ನಗಲಿಲ್ಲ. "ವಾಪಸ್ ಕಳಿಸಿದ್ದಕ್ಕೆ ಉತ್ತರ ಕೊಡಬಹುದು. ಕಳಿಸದೆ ಫೈಲ್ ಮೇಲೇ ಕೂತರೆ? ಆದೇಶವೇ ಇಲ್ಲದಾಗ ಮೇಲ್ಮನವಿ ಯಾವುದರ ಮೇಲೆ ಹಾಕ್ತೀಯಾ?"

ಅವರ ಮಾತು ಸುಳ್ಳಾಗಲಿಲ್ಲ. ಎರಡನೇ ಸಲ ಹೋದ ಹೆಸರುಗಳೂ ದೆಹಲಿಯಲ್ಲಿ ಕೊಳೀತಿವೆ ಅಂತ ಬೆಂಗಳೂರಿನ ವಕೀಲರ ಸಂಘವೇ ನ್ಯಾಯಾಂಗ ನಿಂದನೆ ಅರ್ಜಿ ಹಾಕಿತು. 2022ರ ನವೆಂಬರಲ್ಲಿ ಸುಪ್ರೀಂ ಕೋರ್ಟು ಕಾನೂನು ಇಲಾಖೆಗೆ ನೋಟಿಸ್ ಕೊಟ್ಟಿತು. ಜಡ್ಜಾಗಬೇಕಾದವರು ತಮ್ಮ ಹೆಸರಿಗಾಗಿ ತಾವೇ ಬಾಯಿ ಬಿಡೋ ಹಾಗಿಲ್ಲ ಮಗಾ. ಅವರ ಪರ ವಕಾಲತ್ತು ಹಾಕಬೇಕಾದವರು ನಾವೇ, ವಕೀಲರು.